ಪಂಚಮಿಯ ಉಂಡಿ

ಸೂಡಿ
ತಾ. ೧೬-೮-೧೯೫೬

ಚಿರಂಜೀವಿ ತಮ್ಮ ಗುರುಸಂಗಪ್ಪನಿಗೆ ಅಕ್ಕ ರೇಣುಕವ್ವನ ನೂರು ಆಶೀರ್ವಾದ.

ನಾವು ಇಲ್ಲಿ ಚೆನ್ನಾಗಿದ್ದೇವೆ. ಮಳೆ ಬೇಕಾದಷ್ಟಿಲ್ಲ, ಆದರೂ ಹೆಸರು ಕಾಯಿ ಹಿಡಿದಿದೆ. ಎತ್ತು ಕುಂಟುವುದು ನಿಂತಿದೆ, ಈ ಮನೆಯ ಯಜಮಾನ ನಿನ್ನ ಮಾವ ಗೊಣಗುವುದು ನಿಂತಿಲ್ಲ.

ಪಂಚಮಿ ಬಂದು ಹೋಯಿತು. ನೀನು ಬರಲಿಲ್ಲ. ಮದುವೆಯಾದಾಗಿನಿಂದ ನನ್ನನ್ನು ತವರಿಗೆ ಕರೆಯಲು ಯಾರೂ ಬಾರದ ಪಂಚಮಿ ಇದೇ ಮೊದಲು. ಅಪ್ಪ ಇರುವತನಕ ಅಪ್ಪ ಬಂದ. ಅಪ್ಪ ಹೋದ ಮೇಲೆ, ಇನ್ನೂ ಮೀಸೆ ಮೂಡದ ಕಾಲದಿಂದ ನೀನು ಬಂದೆ. ಈ ಸಲವೂ ಗಂಟು ಕಟ್ಟಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತು ರೋಣದ ಬಸ್ಸಿನ ದಾರಿ ಕಾದೆ. ಬಸ್ಸು ಬಂತು. ಒಂದು ಆಡು ಇಳಿಯಿತು, ಆಡಿನ ಹಿಂದೆ ಅದರ ಒಡೆಯ ಇಳಿದ, ಬಸ್ಸು ಹೋಯಿತು. ಪಕ್ಕದ ಮನೆಯ ಬಳೆಗಾರ್ತಿ ರಮಜಾನಬಿ ಸುಮ್ಮನಿರುತ್ತಾಳೆಯೇ?

"ಯವ್ವಾ ರೇಣುಕವ್ವಾ, ನಿನ್ನ ತಮ್ಮ ಈ ಸಲ ಆಡಿನ ರೂಪದಾಗ ಬಂದಾನೇನ ನೋಡ. ಗಡ್ಡ ಅವನಂಗ ಐತಿ" ಎಂದಳು.

ನಾನೂ ನಕ್ಕೆ. ನಗದೆ ಏನು ಮಾಡಲಿ?

ಹಬ್ಬದ ದಿನ ಇಲ್ಲಿಯೇ ನಾಗಪ್ಪನಿಗೆ ಹಾಲೆರೆದೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಎರೆಯುತ್ತ ಬಂದು, ತಮ್ಮನ ಪಾಲು ಎನ್ನುವಾಗ ಕೈ ತಡೆಯಲಿಲ್ಲ, ಬಟ್ಟಲೇ ಬರಿದಾಯಿತು. ಕೊನೆಗೆ ನಿನ್ನ ಮಾವನ ಪಾಲಿಗೆ ನೀರು ಬೆರೆಸಬೇಕಾಯಿತು. ಅವರಿಗೆ ಹೇಳಬೇಡ.

ನಿಜವಾಗಿ ಕೇಳಬೇಕಾದದ್ದು ಬೇರೆ. ನಿನ್ನ ಗಂಟಲು ಹೇಗಿದೆ? ಹೋದ ವರ್ಷದ ಪಂಚಮಿಗೆ ನಿಮ್ಮ ಅಡುಗೆಮನೆಯಲ್ಲಿ ಶೇಂಗಾದ ಉಂಡಿ ಕಟ್ಟಿ, ವರ್ಷದ ವಾಡಿಕೆಯಂತೆ ಮೊದಲನೆಯದನ್ನು ನಾನೇ ನಿನ್ನ ಬಾಯಿಗಿಟ್ಟೆ. ಅದು ಎದೆಯಲ್ಲೇ ನಿಂತಿತು. ನೀನು ಎದ್ದು ನಿಂತು, ತಲೆ ಹಿಂದೆ ಚೆಲ್ಲಿ, ಒಂದು ಚರಿಗೆ ನೀರು ಕುಡಿದು, ಆಮೇಲೆ ಹಿತ್ತಲಿಗೆ ಓಡಿದೆ. ಆಗಿನಿಂದ ನನಗೆ ಅದೇ ಚಿಂತೆ. ಅವ್ವ ತೀರಿಕೊಂಡಾಗ ನೀನು ಎರಡು ವರ್ಷದ ಕೂಸು, ನಾನು ಹತ್ತರ ಹುಡುಗಿ. ತುತ್ತಿಗೊಂದು ಕಥೆ ಹೇಳದಿದ್ದರೆ ನೀನು ಬಾಯಿ ತೆರೆಯುತ್ತಿರಲಿಲ್ಲ. ರಾಜನ ಏಳು ಹೆಂಡಿರು ಮುಗಿದರೂ ರೊಟ್ಟಿ ಅರ್ಧ ಉಳಿದಿರುತ್ತಿತ್ತು, ಎಂಟನೆಯ ಹೆಂಡತಿಯನ್ನು ನಾನೇ ತರಬೇಕಾಗುತ್ತಿತ್ತು. ಹಾಗೆ ಉಣಿಸಿದ ಗಂಟಲು ಅದು. ಅದರ ಸುದ್ದಿ ಕೇಳುವ ಹಕ್ಕು ನನಗಿದೆ.

ಕೂಡಲೇ ಬರೆ.

ನಿನ್ನ ಅಕ್ಕ
ರೇಣುಕವ್ವ

*

ನರಗುಂದ
ತಾ. ೨-೯-೧೯೫೬

ಸೂಡಿಯ ಸೌಭಾಗ್ಯವತಿ ರೇಣುಕವ್ವನವರಿಗೆ ಗುರುಸಂಗಪ್ಪನ ನಮಸ್ಕಾರ.

ಕಾಗದ ಬಂತು. ಪಂಚಮಿಗೆ ನಾನು ಬರಲಿಲ್ಲ. ಗಂಟಲು ಹೇಗಿದೆ ಎಂದು ಕೇಳಿದ್ದೀರಿ. ಕೇಳುವ ಧೈರ್ಯ ನಿಮಗೆ ಹೇಗೆ ಬಂತೋ ತಿಳಿಯದು.

ಒಂದು ವರ್ಷದಿಂದ ನಾನು ಉಂಡ ಊಟ ಹೊಟ್ಟೆಗೆ ಇಳಿಯುತ್ತಿಲ್ಲ. ರೊಟ್ಟಿ ಬಿಡಿ, ನೀರೂ ಎದೆಯಲ್ಲಿ ನಿಲ್ಲುತ್ತದೆ. ಉಂಡದ್ದು ಹಾಗೆಯೇ ತಿರುಗಿ ಬರುತ್ತದೆ, ರಾತ್ರಿಯೆಲ್ಲ ಕೆಮ್ಮು. ಅಂಗಡಿಗೆ ಹತ್ತಿ ತರುವ ರೈತರು ನನ್ನ ಅಂಗಿಯನ್ನು ನೋಡಿ, "ಇದು ನಿಮ್ಮಣ್ಣಂದೇನ್ರಿ, ಸಾಹುಕಾರ್ರ?" ಎಂದು ಕೇಳುತ್ತಾರೆ. ನನಗೆ ಅಣ್ಣ ಇಲ್ಲ ಎಂಬುದು ಅವರಿಗೆ ಗೊತ್ತಿಲ್ಲ.

ಹೋದ ತಿಂಗಳು ನನ್ನ ಹೆಂಡತಿ ಕಲ್ಲವ್ವನ ಅಣ್ಣ ನಿಂಗಪ್ಪ ನನ್ನನ್ನು ತನ್ನ ಊರು ಯಾವಗಲ್ಲಿಗೆ ಕರೆದೊಯ್ದ. ಊಟದಲ್ಲಿ ಯಾರೋ ಹಾಕಿದ ಮದ್ದು ತೆಗೆಯುವ ಮಾನವ್ವ ಎಂಬವಳನ್ನು ಅಲ್ಲಿಗೆ ಕರೆಸಿದ್ದ. ಅವರ ಅಂಗಳದಲ್ಲಿ, ಓಣಿಯವರೆಲ್ಲರ ಎದುರು, ಅವಳು ಯಾವುದೋ ಸೊಪ್ಪಿನ ರಸ ಕುಡಿಸಿದಳು. ಬಗ್ಗಿದ ಕೂಡಲೇ ಒಂದು ಗಡ್ಡೆ ಬಂದು ಹಿತ್ತಾಳೆ ತಾಟಿಗೆ ಬಿತ್ತು. ತಾಟನ್ನು ಎಲ್ಲರಿಗೂ ತೋರಿಸಿದರು. ಅದರೊಳಗೆ ಶೇಂಗಾದ ಚೂರು ಇನ್ನೂ ಹಾಗೆಯೇ ಇದ್ದವು, ಕರಗಿರಲಿಲ್ಲ.

ಮಾನವ್ವ ಯಾರ ಹೆಸರನ್ನೂ ಹೇಳಲಿಲ್ಲ. "ರಕ್ತಸಂಬಂಧದ ಹೆಣ್ಣು. ತನ್ನ ಕೈಯಾರೆ ಬಾಯಾಗ ಇಟ್ಟಾಳ. ಅರ್ಧಾ ಬಂದೈತಿ, ಬೇರು ಒಳಗ ಐತಿ. ಹಾಕಿದಾಕಿ ತಾನಾಗಿ ಒಪ್ಪಿಕೊಂಡ ಹೊರತು ಬಿಡೂದಿಲ್ಲ" ಎಂದಳು.

ನನಗೆ ಕೈಯಾರೆ ತುತ್ತು ಇಟ್ಟವರು ಈ ಲೋಕದಲ್ಲಿ ಒಬ್ಬರೇ.

ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲು ಕೊಡುವ ಕಾನೂನು ಬಂದಿದೆ, ಬರುತ್ತದೆಂದು ಹೋದ ವರ್ಷವೇ ಪೇಪರಿನಲ್ಲಿತ್ತು ಎಂದು ನಿಂಗಪ್ಪ ಹೇಳಿದ. ಅಪ್ಪನ ಆಸ್ತಿಗೆ ಮಕ್ಕಳು ನಾವಿಬ್ಬರೇ.

ಇನ್ನು ಮುಂದೆ ನರಗುಂದಕ್ಕೆ ಬರಬೇಡಿರಿ.

ಗುರುಸಂಗಪ್ಪ

*

ಸೂಡಿ
ತಾ. ೧೦-೯-೧೯೫೬

ಗುರುಸಂಗಪ್ಪ,

ನಿನ್ನ ಕಾಗದ ಬರುವ ಮೊದಲೇ ಸುದ್ದಿ ಬಂದಿತ್ತು. ಯಾವಗಲ್ಲಿನ ತಾಟು ನಿಮ್ಮ ಅಂಚೆಗಿಂತ ಜೋರಾಗಿ ನಡೆಯುತ್ತದೆ. ಇಲ್ಲಿ ಮೇಲಿನ ಓಣಿಯ ಬಸುರಿಗೆ ಕುಬಸದ ದಿನ ಮೊದಲ ತುತ್ತು ಇಡಲು ನನಗೆ ಹೇಳಿ ಹೋಗಿದ್ದರು. ಊರಿನಲ್ಲಿ ಯಾವ ಬಸುರಿಗಾದರೂ ನನ್ನನ್ನೇ ಕರೆಯುವುದು ರೂಢಿ, ನನ್ನ ಕೈ ತಂಪು ಎನ್ನುತ್ತಿದ್ದರು. ಆ ದಿನ ಸೀರೆ ಉಟ್ಟು ಕುಳಿತೆ. ಯಾರೂ ಕರೆಯಲಿಲ್ಲ. ನಾನೇ ಹೋದರೆ ಬಸುರಿಯ ಅತ್ತೆ ಪಾಯಸದ ಗಡಿಗೆಯ ಮೇಲೆ ಸೆರಗು ಮುಚ್ಚಿದಳು. ಆಮೇಲೆ ಗೊತ್ತಾಯಿತು ಯಾಕೆಂದು.

ನೀನು ನನ್ನನ್ನು "ನೀವು" ಎಂದು ಬರೆದಿದ್ದೀ. ಮದ್ದು ಹಾಕಿದವಳೆಂದದ್ದಕ್ಕಿಂತ ಅದು ಆಳಕ್ಕೆ ಹೋಯಿತು.

ಈಗ ನಾನು ಕೇಳುವುದಕ್ಕೆ ಸಮಾಧಾನದಿಂದ ಉತ್ತರ ಕೊಡು. ನನ್ನ ಉಂಡಿ ತಿಂದದ್ದು ಹೋದ ವರ್ಷದ ಶ್ರಾವಣ. ಒಂದು ವರ್ಷ ಒಳಗಿದ್ದ ಶೇಂಗಾ ಚೂರು ಚೂರಾಗಿಯೇ ಇರುತ್ತದೆಯೇ? ಯಾವಗಲ್ಲಿಗೆ ಹೋಗುವ ಹಿಂದಿನ ದಿನಗಳಲ್ಲಿ ನೀನು ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದಿರಲಿಲ್ಲವೇ? ನಿಮ್ಮ ಮನೆಯಲ್ಲಿ ಆ ಚಟ್ನಿ ಇಲ್ಲದ ದಿನವನ್ನು ನಾನು ಕಂಡಿಲ್ಲ. ಹಾಗೆಂದು ಕಲ್ಲವ್ವನ ಮೇಲೆ ನಾನು ಏನನ್ನೂ ಹೊರಿಸುವುದಿಲ್ಲ. ಹೊರಿಸುವುದು ಎಷ್ಟು ಸುಲಭ ಎಂದು ಈಗ ತಾನೇ ನೋಡಿದ್ದೇನೆ.

ಇನ್ನೊಂದು. ಆರು ವರ್ಷದ ಹಿಂದೆ, ನಿನ್ನ ಮದುವೆಯ ಭೂಮದ ಊಟ ನೆನಪಿದೆಯೇ? ಗಂಡು ಹೆಣ್ಣು ಒಂದೇ ತಾಟಿನಲ್ಲಿ ಉಣ್ಣುವಾಗ ನೀನು ತುತ್ತು ತುತ್ತಿಗೂ ನೀರು ಕುಡಿದು ಎದ್ದು ನಿಲ್ಲುತ್ತಿದ್ದೆ. "ಮದಿಮಗ ಓಡಿ ಹೋಗಾಕ ದಾರಿ ಹುಡುಕ್ಯಾನಲ್ಲವ್ವಾ" ಎಂದು ಹೆಂಗಸರು ನಕ್ಕರು. ಆಗ ಯಾರ ಉಂಡಿ ತಿಂದಿದ್ದೆ?

ಮೊನ್ನೆ ರೋಣಕ್ಕೆ ಹೋಗಿ ಡಾಕ್ಟರ್ ವಾಸುದೇವರಾಯರನ್ನು ಕಂಡೆ. ನಿನ್ನ ಹೆಸರು ಹೇಳದೆ ನಿನ್ನ ಕಷ್ಟ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ಕೇಳಿದರು. "ನೋಡದ ಖಾತ್ರಿ ಹೇಳಬಾರದವಾ. ಆದರ ರೊಟ್ಟಿ, ನೀರು ಎರಡೂ ನಿಲ್ಲತಾವ, ಉಂಡದ್ದು ಹುಳಿಯಾಗದ ಹಾಂಗ ತಿರುಗಿ ಬರತದ, ರಾತ್ರಿ ಕೆಮ್ಮು ಅಂದರ ಇದು ಅನ್ನನಾಳದ ಬ್ಯಾನಿ ಇರಬೇಕು. ಹೊಟ್ಟಿ ಮ್ಯಾಲೆ ಒಂದು ಬಾಗಲಾ ಅದ. ತುತ್ತು ಬಂದಾಗ ಅದು ತೆರೀಬೇಕು. ಇವಗ ತೆರೀವಲ್ಲದು. ಉಂಡದ್ದು ಹೊಟ್ಟಿಗೆ ಹೋಗಿಲ್ಲ, ಬಾಗಲದಾಗ ದಿನಗಟ್ಟಲೆ ಕುಂತದ" ಎಂದರು.

ನಾನು ಬಸ್ಸಿನಲ್ಲಿ ಕುಳಿತು ಅದನ್ನೇ ಕಥೆಯಾಗಿ ಕಟ್ಟಿದೆ, ಹಳೆಯ ಚಟ. ಒಂದು ಊರು. ಊರಿಗೆ ಒಂದು ಅಗಸಿ ಬಾಗಿಲು. ಅಗಸಿ ಕಾಯುವವನು ನಿದ್ದೆ ಹೋದ. ಸಂತೆಗೆ ಬಂದ ಬಂಡಿಗಳೆಲ್ಲ ಹೊರಗೆ ಸಾಲುಗಟ್ಟಿ ನಿಂತವು. ಜೋಳ ಮುಗ್ಗಿತು, ಕಾಯಿಪಲ್ಯ ಕೊಳೆಯಿತು, ಊರೊಳಗೆ ಜನ ಹಸಿದರು. ಎಲ್ಲರಿಗೂ ಸಿಟ್ಟು ಬಂತು. ಯಾರಿಗೂ ಕಾವಲುಗಾರನ ನೆನಪಾಗಲಿಲ್ಲ. ಬೆಲ್ಲ ಹೊತ್ತು ಬಂದ ಒಬ್ಬ ಹೆಂಗಸು ಸಾಲಿನಲ್ಲಿ ನಿಂತಿದ್ದಳು. ಅವಳನ್ನು ಹಿಡಿದು ಹೊಡೆದರು.

ಇಂಥದ್ದಕ್ಕೆ ಮಿರಜಿನ ದೊಡ್ಡ ದವಾಖಾನೆಯಲ್ಲಿ ಉಪಾಯ ಇದೆಯಂತೆ. ಡಾಕ್ಟರು ಚೀಟಿ ಬರೆದುಕೊಡುತ್ತಾರೆ. ಹೋಗು. ಇನ್ನೊಮ್ಮೆ ಆ ಸೊಪ್ಪಿನ ರಸ ಕುಡಿಯಬೇಡ. ಹೊರಗೆ ಬರುವುದು ಉಸಿರಿನ ದಾರಿಗೆ ಹೋದರೆ ಜೀವಕ್ಕೇ ಬರುತ್ತದೆ ಎಂದು ಅವರು ಎರಡು ಸಲ ಹೇಳಿದರು.

ನಾನು ಹಾಕಿದೆ ಎಂದು ನೀನು ನಂಬಿದ್ದೀಯಾ? ನಿಂಗಪ್ಪ ನಂಬಿದ್ದನ್ನು ನಾನು ಕೇಳುತ್ತಿಲ್ಲ. ಇದೊಂದಕ್ಕೆ ಉತ್ತರ ಬರೆ.

ಅಕ್ಕ
ರೇಣುಕವ್ವ

*

ನರಗುಂದ
ತಾ. ೨೨-೧೧-೧೯೫೬

ಸೂಡಿಯ ಅಕ್ಕಾರಿಗೆ ಕಲ್ಲವ್ವ ಕಾಲುಮುಟ್ಟಿ ಹೇಳುವುದು. ನನಗೆ ಬರೆಯಲು ಬಾರದು. ನಮ್ಮ ಓಣಿಯ ಜಯತೀರ್ಥ ಮಾಸ್ತರರ ಕೈಯಿಂದ ಬರೆಸಿದ್ದೇನೆ. ನಾನು ಹೇಳಿದ ಹಾಗೆಯೇ ಬರೆಯಿರಿ ಎಂದಿದ್ದೇನೆ.

"ಅಕ್ಕಾರ, ನಿಮ್ಮ ಕಾಗದಕ್ಕ ಅವರು ಉತ್ತರಾ ಕೊಡಲಿಲ್ಲ. ಓದಿ ಮಡಚಿ ಜಗಲಿ ಮ್ಯಾಲ ಇಟ್ಟರು. ದೀಪಾವಳಿ ಹಿಂದಗಡೆ ನಮ್ಮಣ್ಣ ಮತ್ತ ಮಾನವ್ವನ್ನ ಕರಕೊಂಡು ಬಂದಿದ್ದ. ಬ್ಯಾಡ ಅನ್ನೂದರಾಗ ಕುಡಿಸಿಬಿಟ್ಟರು. ಈ ಸಲ ಬಂದದ್ದು ಹೊರಗ ಬೀಳಲಿಲ್ಲ, ಒಳಗ ನೆತ್ತಿಗೇರಿತು. ಮುಖಾ ನೀಲಿ ಆತು. ಆಗಿಂದ ಜ್ವರ, ಕೆಮ್ಮು. ಪುಪ್ಪುಸಕ್ಕ ಹತ್ತೇತಿ ಅಂತ ಇಲ್ಲಿ ಡಾಕ್ಟರ್ ಸೂಜಿ ಮ್ಯಾಲೆ ಸೂಜಿ ಚುಚ್ಚ್ಯಾರ. ಜ್ವರಾ ಇಳದೈತಿ, ಮನುಷ್ಯಾ ಉಳದಿಲ್ಲ. ಮಲಗಿದರ ಬಾಯಿಂದ ಉಂಡದ್ದು ತಾನ ಹರದು ಬರತೈತಿ. ತಲಿದಿಂಬಿನ ಮ್ಯಾಲ ಅನ್ನದ ಅಗಳು ನೋಡತೀನಿ. ಕುಂತಗೊಂಡ ನಿದ್ದಿ ಮಾಡತಾರ. ಒಂದು ಬಟ್ಟಲ ಗಂಜಿಗೆ ಒಂದು ತಾಸು ಬೇಕು, ಅದರಾಗೂ ಅರ್ಧಾ ತಿರುಗಿ ಬರತೈತಿ. ಎತ್ತಿ ಕುಂದರಿಸಿದರ ನನಗ ಭಾರ ಹತ್ತೂದಿಲ್ಲ, ಅಕ್ಕಾರ. ಅದ ನನಗ ಅಂಜಿಕಿ.

ಮಿರಜಕ್ಕ ಹೋಗೂಣು ಅಂದೆ. 'ಡಾಕ್ಟರಿಗೆ ಮದ್ದು ತಗಿಯಾಕ ಬರೂದಿಲ್ಲ, ಸುಮ್ಮನ ಹೊಟ್ಟಿ ಕೊಯ್ಸಿಕೊಂಡು ಯಾಕ ಸಾಯಲಿ' ಅಂತಾರ. ಮಾನವ್ವ ಹೇಳಿದ್ದು ಒಂದ ಅವರ ತಲ್ಯಾಗ ಕುಂತೈತಿ: ಹಾಕಿದಾಕಿ ಒಪ್ಪಿಕೊಂಡರ ಬಿಡತೈತಿ.

ನೀವು ಹಾಕೀರೋ ಇಲ್ಲೋ ನಾ ಕೇಳೂದಿಲ್ಲ. ನಿಮ್ಮ ಮ್ಯಾಲ ನನಗ ಸಿಟ್ಟೂ ಇಲ್ಲ. ಹಾಕಿದ್ದರ, ನಿಮ್ಮ ಪಾದ ಹಿಡೀತೀನಿ, ತಗೀರಿ. ನನ್ನ ಕುಂಕುಮ ಉಳಸ್ರಿ."

ಅವಳು ಇಷ್ಟು ಹೇಳಿ ಅಳುತ್ತ ಒಳಗೆ ಹೋದಳು. ರೋಗಿಯನ್ನು ನಾನೂ ನೋಡಿದ್ದೇನೆ. ಬಹಳ ದಿನ ಇಲ್ಲ ಎನಿಸುತ್ತದೆ.

ಕಲ್ಲವ್ವನ ಪರವಾಗಿ
ಜಯತೀರ್ಥ

*

ಸೂಡಿ
ತಾ. ೨೬-೧೧-೧೯೫೬

ತಂಗಿ ಕಲ್ಲವ್ವನಿಗೆ,

ಈ ಕಾಗದವನ್ನು ಮಾಸ್ತರರು ಗುರುಸಂಗಪ್ಪನ ಎದುರು ಗಟ್ಟಿಯಾಗಿ ಓದಬೇಕು. ನಿನ್ನ ಅಣ್ಣನೂ ಇರಲಿ.

ಹೌದು. ನಾನೇ ಹಾಕಿದೆ. ಹೋದ ವರ್ಷದ ಪಂಚಮಿಗೆ, ಮೊದಲ ಉಂಡಿಯಲ್ಲಿ, ನನ್ನ ಈ ಬಲಗೈಯಿಂದ. ಯಾಕೆ ಎಂದು ಕೇಳಬೇಡಿರಿ. ಒಪ್ಪಿಕೊಂಡಿದ್ದೇನೆ, ಸಾಕು.

ಆದರೆ ಇದನ್ನು ಮಾನವ್ವ ತೆಗೆಯಲಾರಳು. ಸೊಪ್ಪಿನ ರಸಕ್ಕೆ ಬರುವಂಥದಲ್ಲ ಇದು. ಇನ್ನೊಮ್ಮೆ ವಾಂತಿ ಮಾಡಿಸಿದಿರೋ, ಬೇರು ಪುಪ್ಪುಸಕ್ಕೆ ಇಳಿದು ಆ ಗಳಿಗೆಯಲ್ಲೇ ಜೀವ ತೆಗೆದುಕೊಳ್ಳುತ್ತದೆ. ಕೊಟ್ಟವಳು ನಾನು, ಇದರ ಗುಣ ನನಗೆ ಗೊತ್ತು. ಇದನ್ನು ಬಿಡಿಸುವ ವಿದ್ಯೆ ಈ ಸೀಮೆಯಲ್ಲಿ ಯಾರಿಗೂ ಇಲ್ಲ, ಮಿರಜಿನ ಡಾಕ್ಟರರಿಗೆ ಮಾತ್ರ ಇದೆ. ಅವರು ಹೇಳಿದ ಹಾಗೆ ಕೇಳಬೇಕು, ಕೊಯ್ಯುತ್ತೇವೆ ಎಂದರೂ ಹೂಂ ಎನ್ನಬೇಕು. ಕೇಳಿದರೆ ಬದುಕುತ್ತಾನೆ.

ರೋಣದ ಡಾಕ್ಟರರ ಚೀಟಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ತಡ ಮಾಡಬೇಡಿರಿ. ಹುಬ್ಬಳ್ಳಿಯ ತನಕ ಬಸ್ಸು, ಅಲ್ಲಿಂದ ರೈಲು. ದಾರಿಯಲ್ಲಿ ಅವನನ್ನು ಮಲಗಿಸಬೇಡ, ಒರಗಿಸಿ ಕೂರಿಸು.

ರಮಜಾನಬಿ ಈ ಕಾಗದ ಅಂಚೆಗೆ ಹಾಕಬೇಡ ಎಂದು ನನ್ನ ಕೈ ಹಿಡಿದು ನಿಂತಿದ್ದಾಳೆ. ಬಿಡಿಸಿಕೊಂಡು ಹೋಗುತ್ತೇನೆ.

ರೇಣುಕವ್ವ

*

ಮಿರಜ
ತಾ. ೧೧-೧-೧೯೫೭

ರೇಣುಕವ್ವನವರಿಗೆ,

ನಿಮ್ಮ ಕಾಗದದಂತೆ ಇಲ್ಲಿಗೆ ಬಂದು ಸೇರಿದ್ದೇವೆ. ಬಂದ ಕೂಡಲೇ ಮೂಗಿನಿಂದ ಕೊಳವೆ ಇಳಿಸಿ, ಒಳಗೆ ನಿಂತದ್ದನ್ನೆಲ್ಲ ತೊಳೆದರು. ಬೋಗುಣಿ ತುಂಬಿತು. ಆಮೇಲೆ ಪಾದರಸ ತುಂಬಿದ ರಬ್ಬರಿನ ಕೊಳವೆಯೊಂದನ್ನು ನುಂಗಿಸುತ್ತಾರೆ. ಅದರ ಭಾರಕ್ಕೆ ದಾರಿ ಬಿಚ್ಚಿಕೊಳ್ಳಲಿ ಎಂದು. ಎರಡು ದಿನ ಗಂಜಿ ಇಳಿಯುತ್ತದೆ, ಮೂರನೆಯ ದಿನ ಮತ್ತೆ ಮೊದಲಿನಂತೆ. ರೋಗ ಬಹಳ ಮುಂದೆ ಹೋಗಿದೆ, ಕೊಯ್ಯಬೇಕಾದೀತು ಎನ್ನುತ್ತಾರೆ. ಮೊದಲು ಮೈಯಲ್ಲಿ ಒಂದಿಷ್ಟು ರಕ್ತ ಕೂಡಬೇಕಂತೆ.

ಮನುಷ್ಯನ ಕೈಯಿಂದ ತಪ್ಪು ಆಗುತ್ತದೆ. ನೀವು ಒಪ್ಪಿಕೊಂಡಿರಿ, ಅದು ದೊಡ್ಡದು. ಬದುಕಿದರೂ ಸತ್ತರೂ ನನ್ನ ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ. ನಾನು ಕ್ಷಮಿಸಿದ್ದೇನೆ. ಶಿವನೂ ಕ್ಷಮಿಸಲಿ.

ಗುರುಸಂಗಪ್ಪ

*

ಮಿರಜ
ತಾ. ೨೫-೨-೧೯೫೭

ಅಕ್ಕಾ,

ಹೇಗೆ ಬರೆಯಲಿ? ನಿನ್ನೆಯಿಂದ ಕುಳಿತಿದ್ದೇನೆ. "ಅಕ್ಕಾ" ಎಂದು ಬರೆದು ಅಲ್ಲಿಗೇ ನಿಲ್ಲುತ್ತೇನೆ.

ಕೊಯ್ದು ಮೂರು ವಾರವಾಯಿತು. ಬದುಕಿದ್ದೇನೆ. ಒಂದು ವಾರ ಬಾಯಿಗೆ ಏನೂ ಇಲ್ಲ, ಸೂಜಿಯಿಂದಲೇ ನೀರು ಕೊಟ್ಟರು. ಆಮೇಲೆ ಒಂದು ಬೆಳಿಗ್ಗೆ ರಾಜಮಾ ಎಂಬ ನರ್ಸಬಾಯಿ ಚಮಚೆಯಲ್ಲಿ ನೀರು ಹಾಕಿದಳು. ಅಭ್ಯಾಸದಂತೆ ಎದ್ದು ನಿಲ್ಲಲು ಹೋದೆ. "ಕುಂದರ್ರಿ, ಎಲ್ಲಿಗ್ರಿ ಸವಾರಿ?" ಎಂದು ಗದರಿದಳು. ಕುಳಿತೆ. ನೀರು ತಾನಾಗಿಯೇ ಇಳಿಯಿತು, ಅಕ್ಕಾ. ತಣ್ಣಗೆ ಹೊಟ್ಟೆಯ ತನಕ ಹೋದದ್ದು ಗೊತ್ತಾಯಿತು. ಕಲ್ಲವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಆಗ ನಾನು ರಾಜಮಾಳನ್ನು ಕೇಳಿದೆ: "ನರ್ಸಬಾಯಾರ, ತಗದದ್ದು ಒಮ್ಮೆ ತೋರಸ್ರಿ."

"ಏನು ತಗದದ್ದು?"

"ಮದ್ದು ರೀ. ಬೇರು."

ಅವಳು ಗದಗಿನ ಕಡೆಯವಳು, ಮದ್ದೆಂದರೆ ಏನೆಂದು ಅವಳಿಗೆ ಹೇಳಬೇಕಾಗಲಿಲ್ಲ. ಮೊದಲು ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ನಿಮ್ಮ ಒಳಗಿಂದ ಏನೂ ತಗದಿಲ್ಲರಿ. ತಗಿಯಾಕ ಏನೂ ಇದ್ದಿದ್ದಿಲ್ಲ. ಬಿಗದ ಬಾಗಲಾ ಇತ್ತು, ಅದರ ಸ್ನಾಯು ಕೊಯ್ದು ಸಡಲ ಮಾಡ್ಯಾರ, ಇಷ್ಟ" ಎಂದಳು. ಹೋಗಿ ಡಾಕ್ಟರರನ್ನು ಕರೆತಂದಳು. ಅವರು ಬೆಳಕಿಗೆ ಹಿಡಿದು ನನ್ನ ಎಕ್ಸ್‌ರೇ ತೋರಿಸಿದರು. ಬಿಳಿ ಸುಣ್ಣದಂಥ ಔಷಧ ಕುಡಿಸಿ ತೆಗೆದದ್ದು. ಮೇಲೆ ಜೋಳದ ಚೀಲದಂತೆ ಉಬ್ಬಿದೆ, ಕೆಳಗೆ ಮೂಲಂಗಿಯ ಬಾಲದಷ್ಟು ಸಣ್ಣ ದಾರಿ. ಇಷ್ಟು ಉಬ್ಬಬೇಕಾದರೆ ವರ್ಷಗಟ್ಟಲೆ ಬೇಕು, ಯಾವಾಗಿನಿಂದ ಇದೆ ಎಂದು ಕೇಳಿದರು. ಹೋದ ಪಂಚಮಿಯ ಹಿಂದಿನ ಪಂಚಮಿ ಎಂದು ಹೇಳಲು ನಾನು ಬಾಯಿ ತೆರೆಯುತ್ತಿದ್ದೆ. ಕಲ್ಲವ್ವ ಮೂಲೆಯಿಂದಲೇ ಹೇಳಿದಳು: "ಭೂಮದ ಊಟದಾಗಿಂದರಿ. ನಾ ಕಂಡೀನಿ. ಅವರ ಅಕ್ಕಾರು ಬರದಿದ್ದರು, ನಾವು ಕೇಳಲಿಲ್ಲ."

ನೀನು ಸುಳ್ಳು ಒಪ್ಪಿಕೊಂಡೆ, ನಾನು ಬದುಕಲಿ ಎಂದು. ನಾನು ನಿನ್ನನ್ನು ಕ್ಷಮಿಸಿದೆ ಎಂದು ಬರೆದೆ! ಆ ಕಾಗದವನ್ನು ಹರಿದುಬಿಡು, ಅಕ್ಕಾ.

ಇನ್ನು ಮೇಲೆ ಎದೆಯುರಿ ಬರಬಹುದು, ಉಬ್ಬಿದ್ದು ಪೂರ್ತಿ ಇಳಿಯುವುದಿಲ್ಲ, ಆಗಾಗ ಬಂದು ತೋರಿಸಬೇಕು, ಉಂಡ ಕೂಡಲೇ ಮಲಗಬಾರದು, ತಲೆಯ ಕೆಳಗೆ ಎರಡು ದಿಂಬು ಇರಬೇಕು ಎಂದು ಹೇಳಿದ್ದಾರೆ. ಅದೆಲ್ಲ ಆಗಲಿ. ನನಗೆ ನಿನ್ನ ಕೈಯ ತುತ್ತು ಬೇಕು.

ನಿನ್ನ ತಮ್ಮ
ಗುರುಸಂಗಪ್ಪ

*

ಸೂಡಿ
ತಾ. ೯-೩-೧೯೫೭

ಗುರುಸಂಗಪ್ಪನಿಗೆ ಆಶೀರ್ವಾದ.

ಕಾಗದ ಬಂತು. ನೀರು ಇಳಿಯಿತು ಎಂಬಲ್ಲಿ ಮೂರು ಸಲ ಓದಿದೆ. ನಿನ್ನ ಮಾವನಿಗೂ ಓದಿದೆ. ಅವರು ಎದ್ದು ಎತ್ತಿಗೆ ನೀರು ತೋರಿಸಲು ಹೋದರು. ಎತ್ತು ಆಗಲೇ ಕುಡಿದಿತ್ತು.

ಹರಿಯಲು ಹೇಳಿದ ಕಾಗದವನ್ನು ಹರಿದಿದ್ದೇನೆ. ಆದರೆ ಒಂದು ಮಾತು ಹರಿಯಲು ಬರುತ್ತಿಲ್ಲ. ನಾನು ಹಾಕಿಲ್ಲ ಎಂದಾಗ ನೀನು ನಂಬಲಿಲ್ಲ, ಹೋಗಲಿ, ಕಾಯಿಲೆಯ ಮನುಷ್ಯ. ಹಾಕಿದೆ ಎಂದಾಗ ಕೂಡಲೇ ನಂಬಿದೆ. "ನಮ್ಮಕ್ಕ ಹಂಗ ಮಾಡಾಕಿ ಅಲ್ಲ" ಎಂದು ಒಂದೇ ಸಲ, ಅರ್ಧ ಬಾಯಲ್ಲಿ, ಅಂದೆಯಾ? ನೀನು ಅಂದೀಯೆಂದು ಆ ಕಾಗದ ಬರೆಯುವಾಗ ಅಂಜಿಕೆಯಿತ್ತು. ಹಾಗೆ ಅಂದುಬಿಟ್ಟರೆ ಮಿರಜಿಗೆ ಹೋಗುವುದು ತಪ್ಪುತ್ತದಲ್ಲ ಎಂದು. ನನ್ನ ಅಂಜಿಕೆಯೇ ಸುಳ್ಳಾಯಿತು.

ಈಗ ಮುಂದಿನದು. ನನ್ನ ಒಪ್ಪಿಗೆಯ ಕಾಗದವನ್ನು ನಿಂಗಪ್ಪ ಯಾವಗಲ್ಲಿನ ಕಟ್ಟೆಯಲ್ಲಿ ಓದಿ ತೋರಿಸಿದನಂತೆ. ಇಲ್ಲಿ ಹೆಂಗಸರು ಕೂಸುಗಳನ್ನು ನನ್ನ ನೆರಳಿನಿಂದ ಎಳೆದುಕೊಳ್ಳುತ್ತಾರೆ. ರಮಜಾನಬಿ ಒಬ್ಬಳು ಬಿಟ್ಟು ಯಾರೂ ನನ್ನ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ನಾನು ನಿನ್ನನ್ನು ಬೇಡುವುದು ಒಂದೇ. ತಾಟು ತೋರಿಸಿದ ಅದೇ ಅಂಗಳಕ್ಕೆ ಹೋಗು. ಅದೇ ಜನರ ಮುಂದೆ ಎಕ್ಸ್‌ರೇ ಹಿಡಿದು ಹೇಳು. ಆಮೇಲೆ ಬಾ, ತುತ್ತು ಇಡುತ್ತೇನೆ.

ಅಕ್ಕ
ರೇಣುಕವ್ವ

*

ನರಗುಂದ
ತಾ. ೧೮-೭-೧೯೫೭

ಅಕ್ಕನ ಪಾದಗಳಿಗೆ ಗುರುಸಂಗಪ್ಪನ ನಮಸ್ಕಾರ.

ಉತ್ತರ ಬರೆಯಲು ತಡವಾಯಿತು. ಅಂಗಡಿ ಮತ್ತೆ ತೆರೆದಿದ್ದೇನೆ. ಮೈ ತುಂಬಿದೆ, ಹಳೆಯ ಅಂಗಿ ಮತ್ತೆ ನನ್ನದೇ ಆಗಿದೆ. ದಿನಾ ಎರಡು ರೊಟ್ಟಿ ತಿನ್ನುತ್ತೇನೆ.

ಯಾವಗಲ್ಲಿನ ಮಾತು. ಹೋಗಬೇಕು, ಒಪ್ಪುತ್ತೇನೆ. ಕಲ್ಲವ್ವ ದಿನಾ ಅದನ್ನೇ ಹೇಳುತ್ತಾಳೆ, ನಾನೇ ಅವಳನ್ನು ತಡೆದಿದ್ದೇನೆ. ನಿಂಗಪ್ಪ ಈ ವರ್ಷ ಪಂಚರಲ್ಲಿ ಒಬ್ಬನಾಗಿದ್ದಾನೆ. ಅವನ ಅಂಗಳದಲ್ಲೇ ನಿಂತು ಅವನು ಮಾಡಿದ್ದು ತಪ್ಪು ಎಂದರೆ ಅವನು ಮುಖ ಎತ್ತುವುದು ಹೇಗೆ? ಅಲ್ಲದೆ ನೀನೇ ಕೈಯಾರೆ ಬರೆದು ಒಪ್ಪಿಕೊಂಡದ್ದು ಅವರ ಬಳಿ ಇದೆ. ಈಗ ಅಲ್ಲ ಎಂದರೆ ಅಕ್ಕತಮ್ಮ ಇಬ್ಬರೂ ಸುಳ್ಳರು ಎಂದಾರು. ನಮ್ಮಿಬ್ಬರಿಗೂ ನಿಜ ಗೊತ್ತಿದೆಯಲ್ಲ. ಜನ ನಾಲ್ಕು ದಿನಕ್ಕೆ ಮರೆಯುತ್ತಾರೆ. ಸಮಯ ನೋಡಿ ಹೇಳುತ್ತೇನೆ.

ಪಂಚಮಿಗೆ ಕರೆಯಲು ಬರುತ್ತಿದ್ದೇನೆ. ಗಂಟು ಕಟ್ಟಿಟ್ಟುಕೊ.

ತಮ್ಮ
ಗುರುಸಂಗಪ್ಪ

*

ಸೂಡಿ
ತಾ. ೪-೮-೧೯೫೭

ಗುರುಸಂಗಪ್ಪ,

ನೀನು ಬಂದಿದ್ದೆ, ನಾನು ಬರಲಿಲ್ಲ. ಯಾಕೆ ಎಂದು ನೀನು ಬಸ್ಸಿನ ಕಿಟಕಿಯಿಂದ ಕೇಳಿದೆ. ಬಸ್ಸಿನ ಸದ್ದಿನಲ್ಲಿ ಹೇಳುವ ಮಾತಾಗಿರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಅಂದು ನಾನು ಗಂಟು ಕಟ್ಟಿದ್ದೆ. ಉಂಡಿಯನ್ನೂ ಕಟ್ಟಿದ್ದೆ. ನೀನು ಹೇಳಿಲ್ಲ ಎಂಬುದು ಗೊತ್ತಿತ್ತು, ಆದರೂ ಕಟ್ಟಿದೆ. ನೀನು ಅಂಗಳದಲ್ಲಿ ಕಾಲು ತೊಳೆದು ಬಂದು ಕುಳಿತು ರೊಟ್ಟಿ ಮುರಿದಾಗ ನಾನು ಪಲ್ಯ ಬಡಿಸುವುದನ್ನು ಬಿಟ್ಟು ನಿನ್ನ ಗಂಟಲನ್ನೇ ನೋಡುತ್ತಿದ್ದೆ. ತುತ್ತು ಇಳಿಯಿತು. ಇನ್ನೊಂದು ಇಳಿಯಿತು. ನೀನು ಎದ್ದು ನಿಲ್ಲಲಿಲ್ಲ, ಚರಿಗೆಗೆ ಕೈ ಹಾಕಲಿಲ್ಲ. ಆಗ ನನ್ನ ಮನಸ್ಸಿನಲ್ಲಿ ಇದ್ದದ್ದೆಲ್ಲ ನೀರಾಯಿತು. ಹೋಗಲಿ, ನನ್ನ ಹೆಸರು ಹೋದರೂ ಇವನು ಉಣ್ಣುತ್ತಿದ್ದಾನಲ್ಲ ಎಂದುಕೊಂಡೆ. ಉಂಡಿಯನ್ನು ಕಟ್ಟೆಯ ಮೇಲೆ ಕುಳಿತಾಗ, ಎಲ್ಲರ ಎದುರು ನಿನ್ನ ಬಾಯಿಗೆ ಇಡಬೇಕು, ನೋಡಲಿ ಊರು ಎಂದು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಕಟ್ಟೆಯ ಮೇಲೆ ಐದಾರು ಮಂದಿ ಇದ್ದರು. ಮೇಲಿನ ಓಣಿಯ ಗೌಡರು ನಿನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಪಾ ನರಗುಂದದಾವಾ, ಆರಾಮಾದೇನು? ನಿಮ್ಮಕ್ಕ ಹಾಕಿದ್ದನ್ನ ಮಿರಜದಾಗ ತಗದರಂತ, ಖರೇ ಏನು?" ಎಂದರು.

ನಾನು ನಿನ್ನ ಹಿಂದೆಯೇ ನಿಂತಿದ್ದೆ. ನಿನಗೆ ಗೊತ್ತಿತ್ತು.

ನೀನು ನಕ್ಕೆ. "ಹೂಂರಿ ಗೌಡ್ರ, ಎಲ್ಲಾ ಶಿವನ ದಯಾ" ಎಂದೆ.

ಅಷ್ಟೇ. ಅದು ಯಾವಗಲ್ಲಾಗಿರಲಿಲ್ಲ. ಅಲ್ಲಿ ನಿಂಗಪ್ಪನಿರಲಿಲ್ಲ, ಅವನ ಮಾನದ ಮಾತಿರಲಿಲ್ಲ. ನನ್ನ ಊರು, ನನ್ನ ಕಟ್ಟೆ, ನನ್ನ ಮುಂದೆ ನಿನ್ನ ಬೆನ್ನು ಮಾತ್ರ ಇತ್ತು. "ಅಲ್ಲ" ಎನ್ನುವ ಒಂದು ಮಾತು ಸಾಕಿತ್ತು. ಅದು ನಿನ್ನ ಬಾಯಿಗೆ ಬರಲಿಲ್ಲ.

ಬಸ್ಸು ಹೋದ ಮೇಲೆ ನಾನು ಅಲ್ಲಿಯೇ ಕುಳಿತೆ. ಸೆರಗಿನ ಗಂಟು ಹಾಗೆಯೇ ಇತ್ತು. ರಮಜಾನಬಿ ಬಳೆಯ ಬುಟ್ಟಿ ಇಳಿಸಿ ಪಕ್ಕದಲ್ಲಿ ಕುಳಿತಳು. ಅವಳಿಗೆ ಎಲ್ಲವೂ ಕೇಳಿಸಿತ್ತು. ಗೌಡರಿಗೂ ಕೇಳುವ ಹಾಗೆ ಜೋರಾಗಿ ಹೇಳಿದಳು: "ಡಾಕ್ಟರು ಭಾಳ ಶ್ಯಾಣ್ಯಾರ ಬಿಡವಾ. ಬಾಯಿಂದ ಹೊಟ್ಟಿಗೆ ದಾರಿ ಮಾಡಿ ಕಳಿಸ್ಯಾರ. ಹೊಟ್ಟಿಯಿಂದ ಬಾಯಿಗೆ ದಾರಿ ಯಾರು ಮಾಡಬೇಕು?"

ನನಗೆ ನಗು ಬರಲಿಲ್ಲ. ಅವಳು ನನ್ನ ಸೆರಗಿಗೆ ಕೈ ಹಾಕಿ, "ಆ ಗಂಟು ಬಿಚ್ಚು. ನನಗ ಹಸಿವ್ಯಾಗೇತಿ" ಎಂದು ಬಾಯಿ ತೆರೆದು ಕುಳಿತಳು, ಹಕ್ಕಿಮರಿಯ ಹಾಗೆ, ಅಷ್ಟು ಜನರ ನಡುವೆ. ನಿನ್ನ ಉಂಡಿಯನ್ನು ಅವಳ ಬಾಯಿಗೆ ಇಟ್ಟೆ. ಅವಳು ನಿಧಾನವಾಗಿ ಅಗಿದು, ಗೌಡರ ಮುಖವನ್ನೇ ನೋಡುತ್ತ ನುಂಗಿದಳು.

ಹಬ್ಬದ ದಿನ ಹಾಲೆರೆಯುವಾಗ ತಮ್ಮನ ಪಾಲು ಎಂದೆ. ನಾಲಿಗೆಗೆ ರೂಢಿಯಾಗಿದೆ. ಈ ಸಲ ಬಟ್ಟಲು ಬರಿದಾಗಲಿಲ್ಲ. ಎಲ್ಲರಷ್ಟೇ ನಿನಗೂ ಎರೆದೆ.

ತಲೆಯ ಕೆಳಗೆ ಎರಡು ದಿಂಬು ಇಟ್ಟುಕೊ. ಉಂಡ ಕೂಡಲೇ ಮಲಗಬೇಡ. ಮಿರಜಿಗೆ ತೋರಿಸಲು ಹೋಗುವುದನ್ನು ತಪ್ಪಿಸಬೇಡ.

ಬರುವ ಪಂಚಮಿಗೆ ನನ್ನನ್ನು ಕರೆಯಲು ಬರಬೇಡ. ಯಾವಗಲ್ಲಿಗೆ ಹೋಗು. ಹೋದೆ ಎಂದು ನನಗೆ ಕಾಗದ ಬರೆಯುವುದೂ ಬೇಡ. ನೀನು ಅಲ್ಲಿ ನಿಜವಾಗಿ ಹೇಳಿದರೆ ಸುದ್ದಿ ಇಲ್ಲಿಗೆ ತಾನಾಗಿಯೇ ಬರುತ್ತದೆ, ಮೊದಲ ಸುದ್ದಿ ಬಂದ ಹಾಗೆ.

ರೇಣುಕವ್ವ